ಓದದೆ ಅಂಕ ಕೊಡುವವರು

ಅಮೆರಿಕಕ್ಕೆ ಉನ್ನತ ಶಿಕ್ಷಣಕ್ಕಾಗಿ ಹೋಗಬಯಸುವ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ನಮ್ಮ ಮಕ್ಕಳಲ್ಲಿ ಅನೇಕರು ಜಿಆರ್‌ಇ ಎಂಬ ಪರೀಕ್ಷೆ ಬರೆಯುತ್ತಾರೆ. ಅದರಲ್ಲಿ ಒಂದು ವಿಶ್ಲೇಷಣಾತ್ಮಕ ಪ್ರಬಂಧವಿದೆ. ಸಮಯ 30 ನಿಮಿಷ, ಅಂಕ ಸೊನ್ನೆಯಿಂದ 6ರವರೆಗೆ. ಅದನ್ನು ಒಬ್ಬ ಮನುಷ್ಯ ಓದುತ್ತಾನೆ. ಜೊತೆಗೆ ‘ಇ-ರೇಟರ್’ ಎಂಬ ಕಂಪ್ಯೂಟರ್ ತಂತ್ರಾಂಶವೂ ಅಂಕ ಹಾಕುತ್ತದೆ. ಎರಡೂ ಅಂಕಗಳು ಹತ್ತಿರವಿದ್ದರೆ ಅಲ್ಲಿಗೆ ಮುಗಿಯಿತು. ದೂರವಾದರೆ ಮಾತ್ರ ಇನ್ನೊಬ್ಬ ಮನುಷ್ಯನನ್ನು ಕರೆಯುತ್ತಾರೆ.

ಯಂತ್ರ ಏನನ್ನು ನೋಡುತ್ತದೆ? ವ್ಯಾಕರಣ, ಕಾಗುಣಿತ, ಪದಗಳ ಉದ್ದ, ಪ್ರಬಂಧದ ಬೆಳವಣಿಗೆ. ಹೇಳಿದ್ದು ನಿಜವೇ ಎಂದು ಅದು ಕೇಳುವುದಿಲ್ಲ. 1812ರ ಯುದ್ಧ 1945ರಲ್ಲಿ ಶುರುವಾಯಿತು ಎಂದು ಬರೆದರೂ ಅದಕ್ಕೆ ತಕರಾರಿಲ್ಲ ಎಂದು ಎಂಐಟಿಯ ಲೆಸ್ ಪೆರೆಲ್ಮನ್ ತೋರಿಸಿಕೊಟ್ಟರು. 2014ರಲ್ಲಿ ಅವರು ವಿದ್ಯಾರ್ಥಿಗಳ ಜೊತೆ ಸೇರಿ ‘ಬೇಬಲ್’ ಎಂಬ ಯಂತ್ರವನ್ನೇ ಕಟ್ಟಿದರು. ಮೂರು ಪದ ಕೊಟ್ಟರೆ ಸಾಕು, ಅದು ಅರ್ಥವಿಲ್ಲದ ಗಂಭೀರ ಪ್ರಬಂಧವೊಂದನ್ನು ಹೊಸೆದು ಕೊಡುತ್ತದೆ. ಅಂಥದೊಂದಕ್ಕೆ ಅಂಕ ಹಾಕುವ ತಂತ್ರಾಂಶವೊಂದು 6ಕ್ಕೆ 5.4 ಕೊಟ್ಟಿತು. ಯಂತ್ರ ಬರೆಯಿತು, ಯಂತ್ರ ಮೆಚ್ಚಿತು. ನಡುವೆ ಅರ್ಥಕ್ಕೆ ಜಾಗವೇ ಇರಲಿಲ್ಲ.

ತಪ್ಪು ಯಂತ್ರದ್ದಷ್ಟೇ ಅಲ್ಲ. 2005ರಲ್ಲಿ ಎಸ್‌ಎಟಿ ಪರೀಕ್ಷೆಗೆ 25 ನಿಮಿಷದ ಪ್ರಬಂಧ ಸೇರಿತು. ಅದನ್ನು ಓದಿದವರು ಮನುಷ್ಯರೇ. ಆದರೆ ಸಂಗತಿಗಳಲ್ಲಿ ತಪ್ಪಿದ್ದರೂ ಅಂಕ ಕಳೆಯಬಾರದೆಂಬ ಸೂಚನೆ ಅವರಿಗಿತ್ತು. ಪ್ರಬಂಧ ಉದ್ದವಾದಷ್ಟೂ ಅಂಕ ಏರುವುದನ್ನು ಪೆರೆಲ್ಮನ್ ಆಗಲೇ ಗುರುತಿಸಿದ್ದರು. ಅವಸರ ಮಾಡಿ, ಕೈಗೆ ಅಳತೆಗೋಲು ಕೊಟ್ಟು, ಮನುಷ್ಯನನ್ನೂ ಯಂತ್ರ ಮಾಡಬಹುದು. ಈ ಅಳತೆಗೋಲಿನಲ್ಲಿ ನಮ್ಮ ವಚನಕಾರರೆಲ್ಲ ನಪಾಸು!

ಯಂತ್ರಕ್ಕೆ ಪಕ್ಷಪಾತವಿಲ್ಲ ಎನ್ನುವವರಿದ್ದಾರೆ. ಹೆಸರು ಕೇಳಿದೊಡನೆ ಬಾಡಿಗೆ ಮನೆ ಇಲ್ಲವೆನ್ನುವ ಊರುಗಳಲ್ಲಿ ಬದುಕುವ ನಮಗೆ ಈ ಮಾತು ಸಿಹಿಯಾಗಿಯೇ ಕೇಳುತ್ತದೆ. ಆದರೆ ಹೆಸರು ಮುಚ್ಚಲು ಯಂತ್ರ ಯಾಕೆ? ರಿಜಿಸ್ಟರ್ ನಂಬರ್ ಸಾಲದೆ? ಇನ್ನು ಯಂತ್ರದ ನ್ಯಾಯವನ್ನೂ ನೋಡೋಣ. ಜಿಆರ್‌ಇ ನಡೆಸುವ ಇಟಿಎಸ್ ಸಂಸ್ಥೆಯ ಸಂಶೋಧಕರೇ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮನುಷ್ಯರಿಗೆ ಹೋಲಿಸಿದರೆ ಇ-ರೇಟರ್ ಚೀನಾದ ವಿದ್ಯಾರ್ಥಿಗಳಿಗೆ ಹೆಚ್ಚು, ಅಮೆರಿಕದ ಕಪ್ಪು ಜನರ ಮಕ್ಕಳಿಗೆ ಕಡಿಮೆ ಅಂಕ ಕೊಟ್ಟಿತ್ತು. ಹೆಸರು ಗೊತ್ತಿಲ್ಲದೆಯೂ ಭೇದ ಮಾಡಬಹುದು ಎಂದಾಯಿತಲ್ಲ.

ಉರ್ದು ಪರಂಪರೆಯಲ್ಲಿ ‘ಇಸ್ಲಾಹ್’ ಎಂಬುದೊಂದಿದೆ. ಶಿಷ್ಯ ಬರೆದದ್ದನ್ನು ಉಸ್ತಾದರು ಓದಿ ತಿದ್ದುತ್ತಾರೆ. ಮಿರ್ಜಾ ಗಾಲಿಬ್ ತಮ್ಮ ಶಿಷ್ಯ ಹರಗೋಪಾಲ್ ತಫ್ತಾಗೆ ಇಸ್ಲಾಹ್ ಕೊಟ್ಟದ್ದು ಅಂಚೆಯ ಮೂಲಕ. ಈ ಪದ ಯಾಕೆ, ಆ ಪದ ಯಾಕಲ್ಲ ಎಂದು ಅವರು ಪತ್ರದಲ್ಲಿ ವಾದಿಸುತ್ತಿದ್ದರು. ಅಲ್ಲಿ ಅಂಕವಿರಲಿಲ್ಲ, ಓದುಗನಿದ್ದ. ಇಂದು ಸಾವಿರಾರು ರೂಪಾಯಿ ಕಟ್ಟಿ ಬರೆದ ಹುಡುಗಿಗೆ ಸಿಗುವುದು ಒಂದು ಸಂಖ್ಯೆ ಮಾತ್ರ. ತನ್ನ ವಾದ ಎಲ್ಲಿ ಸೋತಿತೆಂದು ಅವಳಿಗೆ ಯಾರೂ ಹೇಳುವುದಿಲ್ಲ. ಹೀಗಿರುವಾಗ ಅವಳು ಸಿದ್ಧ ಅಚ್ಚೊಂದನ್ನು ಬಾಯಿಪಾಠ ಮಾಡಿ ಬಂದರೆ ತಪ್ಪು ಯಾರದು?

ಇದಕ್ಕೆ ಪರೀಕ್ಷಾ ಸಂಸ್ಥೆಗಳು ಕಂಡುಕೊಂಡ ಪರಿಹಾರ ನೋಡಿ. ಎಸ್‌ಎಟಿ 2021ರಲ್ಲಿ ತನ್ನ ಪ್ರಬಂಧವನ್ನು ಕೈಬಿಟ್ಟಿತು. 2023ರಲ್ಲಿ ಜಿಆರ್‌ಇಯ ಎರಡು ಪ್ರಬಂಧ ಒಂದಾಯಿತು. ಉಳಿದದ್ದು ಅಭಿಪ್ರಾಯ ಹೇಳುವ ಪ್ರಬಂಧ, ಹೋದದ್ದು ಇನ್ನೊಬ್ಬರ ವಾದದಲ್ಲಿನ ಹುಳುಕು ಹುಡುಕುವ ಪ್ರಬಂಧ. ಜಿಮ್ಯಾಟ್‌ನ ಹೊಸ ರೂಪದಲ್ಲಂತೂ ಪ್ರಬಂಧವೇ ಇಲ್ಲ. ಸರಿಯಾಗಿ ಓದಲಾಗದವರು ಬರೆಯುವುದನ್ನೇ ನಿಲ್ಲಿಸಿದರು.

ಈ ಮೋಹ ನಮ್ಮ ಪರೀಕ್ಷಾ ಮಂಡಳಿಗಳಿಗೂ ಹತ್ತದಿರಲಿ. ಪ್ರಬಂಧ ಬರೆಸುವವರು ಅದನ್ನು ಓದುವ ಹೊಣೆಯನ್ನೂ ಹೊರಬೇಕು. ಓದುವವರಿಗೆ ಸಮಯ ಕೊಡಿ, ತಕ್ಕ ಸಂಬಳ ಕೊಡಿ. ಅಂಕದ ಪಕ್ಕದಲ್ಲಿ ಎರಡು ಸಾಲು ಬರೆಯಲು ಹೇಳಿ. ಯೋಚಿಸಿ ಬರೆ ಎಂದು ಮಕ್ಕಳಿಗೆ ಹೇಳುವ ನಾವು, ಯೋಚಿಸಿ ಓದುತ್ತೇವೆ ಎಂಬ ಭರವಸೆಯನ್ನಾದರೂ ಅವರಿಗೆ ಕೊಡಬೇಡವೇ?