ದಿನಕ್ಕೊಂದು ಇಂಗ್ಲಿಷ್ ಶಬ್ದ

ನಮ್ಮ ಶಾಲೆಯ ಮೊಗಸಾಲೆಯಲ್ಲಿ, ಮುಖ್ಯೋಪಾಧ್ಯಾಯರ ಕೊಠಡಿಯ ಎದುರಿಗೆ, ಒಂದು ಸಣ್ಣ ಕರಿಹಲಗೆಯಿರುವುದನ್ನು ನೀವೆಲ್ಲರೂ ಬಲ್ಲಿರಿ. ‘ಈ ದಿನದ ಇಂಗ್ಲಿಷ್ ಶಬ್ದ’ ಎಂಬ ತಲೆಬರಹದ ಕೆಳಗೆ ಪ್ರತಿದಿನವೂ ಒಂದು ಶಬ್ದವನ್ನೂ ಅದರ ಅರ್ಥವನ್ನೂ ಬರೆಯುವ ಕೆಲಸವನ್ನು ಬಹುಕಾಲ ನಾನೇ ವಹಿಸಿಕೊಂಡಿದ್ದೆನು. ಕೆಲಸವೇನೋ ಸುಲಭವಾಗಿತ್ತು. ಮೇಜಿನ ಮೇಲಿದ್ದ ನಿಘಂಟನ್ನು ತೆರೆದು, ಮೊದಲ ಪುಟದಿಂದ ತೊಡಗಿ ಒಂದೊಂದಾಗಿ ಇಳಿಸಿಕೊಂಡರಾಯಿತು. ಅಬಂಡನ್, ಅಬೇಟ್, ಅಬ್ರಿವಿಯೇಟ್, ಅಬ್‌ಹಾರ್ — ಹೀಗೆ ಹೊರಟ ಮೆರವಣಿಗೆಯು ವರ್ಷದ ಕೊನೆಯಾದರೂ ಇಂಗ್ಲಿಷಿನ ಮೊದಲನೆಯ ಅಕ್ಷರದ ಬೀದಿಯನ್ನು ದಾಟಿರಲಿಲ್ಲ.

ಒಬ್ಬ ವಿದ್ಯಾರ್ಥಿಯು ಅವೆಲ್ಲವನ್ನೂ ದಪ್ಪನೆಯ ಪುಸ್ತಕವೊಂದರಲ್ಲಿ ಮುತ್ತಿನಂಥ ಅಕ್ಷರಗಳಿಂದ ಬರೆದಿಟ್ಟುಕೊಂಡಿದ್ದನು. ಶಾಲೆಯ ಪ್ರವಾಸಕ್ಕೆಂದು ನಾವೆಲ್ಲರೂ ರೈಲು ನಿಲ್ದಾಣದಲ್ಲಿ ಕಾದಿದ್ದಾಗ, ಪರಪ್ರಾಂತದ ವೃದ್ಧೆಯೊಬ್ಬರು ಆತನ ಬಳಿ ಬಂದು, ಮೈಸೂರಿನ ಗಾಡಿ ಯಾವ ಕಟ್ಟೆಗೆ ಬರುವುದೆಂದು ಇಂಗ್ಲಿಷಿನಲ್ಲಿ ಕೇಳಿದರು. ಹುಡುಗನಿಗೆ ಪ್ರಶ್ನೆಯೂ ತಿಳಿಯಿತು, ಉತ್ತರವೂ ತಿಳಿದಿತ್ತು. ಬಾಯಿ ಮಾತ್ರ ಬರಲಿಲ್ಲ. ಕೈಯಿಂದ ತೋರಿಸಿ, ಮುಖವನ್ನು ಕೆಂಪಗೆ ಮಾಡಿಕೊಂಡು ಬೇರೆ ಕಡೆ ತಿರುಗಿದನು. ‘ಕನ್ನಡ ಶಾಲೆಯ ಹುಡುಗನಲ್ಲವೆ’ ಎಂದು ಪಕ್ಕದಲ್ಲಿದ್ದವರಾರೋ ನಕ್ಕದ್ದೂ ನನ್ನ ಕಿವಿಗೆ ಬಿತ್ತು. ‘ಅಬ್‌ಹಾರ್’ ಎಂಬುದನ್ನು ಬಲ್ಲವನಿಗೆ ‘ಇಲ್ಲಿಯೇ ಕಾಯಿರಿ’ ಎಂಬಷ್ಟನ್ನು ಹೇಳಲು ಆಗಲಿಲ್ಲವೆಂದರೆ, ಅದು ಕನ್ನಡ ಶಾಲೆಯ ದೋಷವೂ ಅಲ್ಲ, ಆ ಹುಡುಗನ ದೋಷವೂ ಅಲ್ಲ. ಹಲಗೆಯ ಮೇಲೆ ಬರೆದವನ ದೋಷ.

ಹಾಗೆಂದ ಮಾತ್ರಕ್ಕೆ ದಿನಕ್ಕೊಂದು ಶಬ್ದವೆಂಬ ಅಭ್ಯಾಸವೇ ನಿರರ್ಥಕವೆನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ತಪ್ಪಿದ್ದುದು ಆ ಶಬ್ದವನ್ನು ಎಲ್ಲಿಂದ ತರುತ್ತಿದ್ದೆನೆಂಬುದರಲ್ಲಿ. ಇದು ನನಗೆ ಮನವರಿಕೆಯಾದುದು ಬೆಂಗಳೂರಿನಲ್ಲಲ್ಲ; ಬಂಧುಗಳ ಮನೆಗೆಂದು ಕೋಲ್ಕತ್ತಕ್ಕೆ ಹೋಗಿದ್ದಾಗ, ಅಲ್ಲಿಯ ಎಸ್ಪ್ಲನೇಡ್ ಎಂಬ ಸ್ಥಳದಲ್ಲಿ.

ನಮಗೆ ಮೆಜೆಸ್ಟಿಕ್ ಹೇಗೋ ಕೋಲ್ಕತ್ತದವರಿಗೆ ಎಸ್ಪ್ಲನೇಡ್ ಹಾಗೆ. ಊರಿನವರು ಧರ್ಮತಲಾ ಎಂದೂ ಕರೆಯುವರು. 1902ರಲ್ಲಿ ಆ ನಗರದ ಮೊದಲನೆಯ ವಿದ್ಯುತ್ ಟ್ರಾಮು ಇಲ್ಲಿಂದಲೇ ಖಿದಿರಪುರಕ್ಕೆ ಹೊರಟಿತು. 1984ರ ಅಕ್ಟೋಬರ್ 24ರಂದು ಭಾರತದ ಮೊತ್ತಮೊದಲ ಮೆಟ್ರೋ ರೈಲು ಭವಾನೀಪುರಕ್ಕೂ ಎಸ್ಪ್ಲನೇಡಿಗೂ ನಡುವೆ ಓಡಿತು. 2024ರ ಮಾರ್ಚಿಯಿಂದ ಹೂಗ್ಲಿ ನದಿಯ ತಳದ ಕೆಳಗೆ ಕೊರೆದ ಸುರಂಗದಲ್ಲಿ ಇಲ್ಲಿಂದ ಹೌರಾ ಮೈದಾನಕ್ಕೆ ಗಾಡಿಗಳು ಹೋಗುತ್ತಿವೆ. ಇಷ್ಟು ಜನಸಂದಣಿಯ ಜಾಗಕ್ಕೆ ಎಸ್ಪ್ಲನೇಡ್ ಎಂಬ ಹೆಸರೇಕೆ ಬಂದಿತೆಂದು ನಾಲ್ಕಾರು ಮಂದಿಯನ್ನು ಕೇಳಿದೆನು. ‘ಹೆಸರು ಹೆಸರೇ, ಅದಕ್ಕೆ ಅರ್ಥವೇನು!’ ಎಂಬುದೇ ಉತ್ತರ.

ಆ ರಾತ್ರಿ ನಿಘಂಟನ್ನು ನೋಡಿದೆನು. ಕೋಟೆಗೂ ಊರಿಗೂ ನಡುವೆ ಬಿಡುವ ಸಮತಟ್ಟಾದ ತೆರಪನ್ನು ಇಂಗ್ಲಿಷಿನಲ್ಲಿ ಎಸ್ಪ್ಲನೇಡ್ ಎನ್ನುವರು. 1757ರ ಪ್ಲಾಸಿ ಕದನದ ಮರುವರ್ಷವೇ ಆಂಗ್ಲರು ಹೊಸ ಫೋರ್ಟ್ ವಿಲಿಯಂ ಕೋಟೆಯನ್ನು ಕಟ್ಟತೊಡಗಿದರು. ಅದು ಮುಗಿದುದು 1781ರಲ್ಲಿ. ಫಿರಂಗಿಗಳ ಗುರಿಗೆ ಮರೆಯಿರಬಾರದೆಂದು ಸುತ್ತಲಿನ ಕಾಡನ್ನು ಕಡಿದು ಬಯಲು ಮಾಡಿದರು. ಇಂದಿನ ಮೈದಾನವು ಆ ಬಯಲೇ. ಅದರ ಉತ್ತರದ ಅಂಚಿಗೆ ಬಯಲಿನ ಹೆಸರು ಅಂಟಿಕೊಂಡಿತು. ಶಬ್ದದ ಬೇರು ಲ್ಯಾಟಿನ್ ಭಾಷೆಯದು: ತಗ್ಗುದಿಣ್ಣೆಗಳನ್ನು ಹೋಗಲಾಡಿಸಿ ಸಮಮಾಡು ಎಂದು ಅದರ ಅರ್ಥ. ಅದೇ ಬೇರಿನಿಂದ ಹುಟ್ಟಿದ ಇನ್ನೊಂದು ಶಬ್ದವು ನಿಮ್ಮ ಪ್ರಶ್ನೆಪತ್ರಿಕೆಯಲ್ಲಿ ವರ್ಷವರ್ಷವೂ ಕಾಣಿಸಿಕೊಂಡು ನಿಮ್ಮನ್ನು ಹೆದರಿಸುತ್ತಿರುವ ‘ಎಕ್ಸ್‌ಪ್ಲೇನ್’! ಕಠಿನವಾದುದರ ಉಬ್ಬುತಗ್ಗುಗಳನ್ನು ತೆಗೆದು ಸಮಮಾಡಿ ತೋರಿಸುವುದೇ ವಿವರಣೆ. ನಮ್ಮ ಕನ್ನಡವೂ ಇದೇ ದಾರಿಯಲ್ಲಿ ನಡೆದಿದೆಯಲ್ಲವೆ? ಗುಟ್ಟು ‘ಬಯಲಾಯಿತು’ ಎನ್ನುತ್ತೇವೆ. ಲ್ಯಾಟಿನ್ನಿಗೂ ಕನ್ನಡಕ್ಕೂ ಯಾವ ನಂಟೂ ಇಲ್ಲ. ಆದರೂ ಮನುಷ್ಯನ ಬುದ್ಧಿಯು ಎರಡು ಕಡೆಯೂ ಬಯಲನ್ನೇ ಹುಡುಕಿಕೊಂಡು ಹೋಗಿರುವುದು ನನಗೆ ಬಹಳ ಸಂತೋಷವನ್ನುಂಟುಮಾಡಿತು.

ಮರುದಿನ ಅಲ್ಲಿಗೆ ಪುನಃ ಹೋದೆನು. ಟ್ರಾಮುಗಳ ಕೊನೆಯ ನಿಲ್ದಾಣಕ್ಕೆ ‘ಟರ್ಮಿನಸ್’ ಎಂದು ಹೆಸರು. ಅದು ಎಲ್ಲೆ, ಗಡಿ ಎಂಬರ್ಥದ ಶಬ್ದ; ರೋಮನರು ಗಡಿಕಲ್ಲಿಗೆ ಈ ಹೆಸರಿನ ದೇವತೆಯನ್ನೇ ಕಲ್ಪಿಸಿಕೊಂಡಿದ್ದರು. ಶಾಲೆಯ ‘ಟರ್ಮ್’ ಅದರ ಕುಲದ್ದು. ನಿರ್ಧರಿಸು ಎಂಬರ್ಥದ ‘ಡಿಟರ್ಮಿನ್’ ಸಹ ಅದರದೇ, ಮನಸ್ಸಿಗೆ ಎಲ್ಲೆ ಹಾಕಿಕೊಂಡಂತೆ. ಸಮೀಪದಲ್ಲಿಯೇ 48 ಮೀಟರ್ ಎತ್ತರದ ಸ್ತಂಭವೊಂದಿದೆ. 1828ರಲ್ಲಿ ಆಕ್ಟರ್ಲೋನಿ ಎಂಬ ಸೇನಾಧಿಪತಿಯ ಸ್ಮರಣೆಗೆ ಎತ್ತಿದ ಈ ‘ಮಾನ್ಯುಮೆಂಟ್’ ಅನ್ನು 1969ರಲ್ಲಿ ಸ್ವಾತಂತ್ರ್ಯಕ್ಕಾಗಿ ಮಡಿದವರಿಗೆ ಅರ್ಪಿಸಿ ಶಹೀದ್ ಮಿನಾರ್ ಎಂದು ಕರೆದರು. ಮಾನ್ಯುಮೆಂಟ್ ಎಂದರೆ ನೆನಪು ಮಾಡಿಕೊಡುವುದು. ನೆನಪು ಮಾಡಿಕೊಟ್ಟು ಎಚ್ಚರಿಸುವವನು ‘ಮಾನಿಟರ್’. ನಿಮ್ಮ ತರಗತಿಯಲ್ಲಿ ಗಲಾಟೆ ಮಾಡುವವರ ಹೆಸರು ಬರೆದಿಡುವ ಆ ಮಿತ್ರನಿಗೂ ಕೋಲ್ಕತ್ತದ ಗೋಪುರಕ್ಕೂ ಹೀಗೊಂದು ಬಾಂಧವ್ಯವುಂಟು.

ಎಸ್ಪ್ಲನೇಡಿನ ಮೂಲೆಯಲ್ಲಿ, ಹಲವು ಗುಮ್ಮಟಗಳ ಒಂದು ಮಸೀದಿ. ಫಲಕದ ಮೇಲಿನ ಹೆಸರನ್ನು ಓದಿ ನನ್ನ ಹೆಜ್ಜೆಯು ತಾನಾಗಿಯೇ ನಿಂತಿತು: ಟಿಪ್ಪು ಸುಲ್ತಾನ್ ಮಸೀದಿ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಆಂಗ್ಲರು ವೆಲ್ಲೂರಿನ ಕೋಟೆಯಲ್ಲಿರಿಸಿದ್ದರು; 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆಯೆದ್ದ ನಂತರ, ಕಾವೇರಿಯ ನಾಡಿನಿಂದ ಇಷ್ಟು ದೂರಕ್ಕೆ ಸಾಗಿಸಿಬಿಟ್ಟರು. ಟಿಪ್ಪುವಿನ ಕಿರಿಯ ಮಗನಾದ ಗುಲಾಂ ಮಹಮ್ಮದನು 1842ರಲ್ಲಿ ಕಟ್ಟಿಸಿದ ಮಸೀದಿಯಿದು. ಇಂಗ್ಲಿಷಿನಲ್ಲಿ ‘ಎಕ್ಸೈಲ್’ ಎಂಬ ಶಬ್ದವಿದೆ. ಗಡೀಪಾರು ಎಂದು ಅರ್ಥ. ನನ್ನ ಹಲಗೆಯ ಮೇಲೆ ಅದನ್ನೂ ಎಂದೋ ಬರೆದಿದ್ದರೆ ಮಕ್ಕಳು ಮರುದಿನವೇ ಮರೆಯುತ್ತಿದ್ದರು. ತಂದೆಯ ಊರನ್ನು ಮತ್ತೆ ಕಾಣದ ಮಕ್ಕಳ ಕಥೆಯನ್ನು ಕೇಳಿದ ಮೇಲೆ ಮರೆಯುವವರಾರು?

ಕಣ್ಣಿಗೆ ಬಿದ್ದ ವಸ್ತುವಿನಿಂದ ಶಬ್ದವನ್ನೆತ್ತಿಕೊಳ್ಳಬೇಕು. ಎತ್ತಿಕೊಂಡುದನ್ನು ಒಂಟಿಯಾಗಿ ಬಿಡದೆ ಅದರ ಬಳಗವನ್ನೂ ಕರೆಯಬೇಕು — ಇದೇ ನನ್ನ ಅಭಿಪ್ರಾಯ. ಒಂದು ದಿನದ ಪಾಲಿಗೆ ಬಂದ ಎಸ್ಪ್ಲನೇಡ್ ತಾನೊಂದೇ ಬರಲಿಲ್ಲ, ಎಕ್ಸ್‌ಪ್ಲೇನನ್ನೂ ಕೈಹಿಡಿದು ಕರೆತಂದಿತು.

ಲೆಕ್ಕವನ್ನು ನೋಡಿರಿ. ದಿನಕ್ಕೊಂದರಂತೆ ವರ್ಷಕ್ಕೆ 365. ಐದನೆಯ ತರಗತಿಯಿಂದ ಹತ್ತರವರೆಗೆ ಆರು ವರ್ಷಕ್ಕೆ 2190. ಲಕ್ಷಗಟ್ಟಲೆ ಶಬ್ದಗಳುಳ್ಳ ಭಾಷೆಗೆ ಇದು ಏತಕ್ಕೂ ಸಾಲದೆನಿಸಬಹುದು. ಆದರೆ ಅವಿಭಕ್ತ ಬಂಗಾಳದ ಢಾಕಾ ನಗರದಲ್ಲಿ ಅಧ್ಯಾಪಕರ ತರಬೇತಿ ಕಾಲೇಜಿನ ಮುಖ್ಯಸ್ಥರಾಗಿದ್ದ ಮೈಕೇಲ್ ವೆಸ್ಟ್ ಎಂಬ ಶಿಕ್ಷಣತಜ್ಞರು ಬೇರೆಯಾಗಿ ಯೋಚಿಸಿದರು. ಬಂಗಾಳಿ ಮಕ್ಕಳು ಇಂಗ್ಲಿಷಿಗಾಗಿ ಪಡುತ್ತಿದ್ದ ಪಾಡನ್ನು ಕಂಡು ಅವರು 1926ರಲ್ಲಿ ಒಂದು ದೊಡ್ಡ ವರದಿಯನ್ನೇ ಪ್ರಕಟಿಸಿದರು. ಪುಟಕ್ಕೆ ಕೆಲವೇ ಹೊಸ ಶಬ್ದಗಳು, ಬಂದ ಶಬ್ದವು ಪುನಃ ಪುನಃ ಬರುವಂತಹ ಕಥೆಗಳು: ಇದು ಅವರು ಸಿದ್ಧಪಡಿಸಿದ ವಾಚನಪುಸ್ತಕಗಳ ಕ್ರಮ. 1935ರ ಅವರ ನಿಘಂಟು ಹದಿನೆಂಟು ಸಾವಿರದಷ್ಟು ಶಬ್ದಗಳನ್ನು ಕೇವಲ 1490 ಸುಲಭ ಶಬ್ದಗಳಿಂದ ವಿವರಿಸಿತು. 1953ರಲ್ಲಿ ಅವರು ಹೊರತಂದ ಪಟ್ಟಿಯಲ್ಲಿರುವುದು ಸುಮಾರು 2000 ಮುಖ್ಯ ಶಬ್ದಗಳು. ಸಾಮಾನ್ಯ ಬರಹದಲ್ಲಿ ನೂರಕ್ಕೆ 80ರಷ್ಟು ಶಬ್ದಗಳು ಇವುಗಳ ಬಳಗದವೇ ಆಗಿರುತ್ತವೆ. ಅಂದ ಮೇಲೆ 2190 ಅಲ್ಪವಲ್ಲ. ನಾನು ಮಾಡಿದಂತೆ ಆರಿಸದೆ ಕೂಡಿಟ್ಟರೆ ಮಾತ್ರ ಅದು ಹೊರೆ.

ಕೋಲ್ಕತ್ತದಿಂದ ನದಿಯ ಮೇಲ್ಮುಖವಾಗಿ ಸ್ವಲ್ಪ ದೂರ ಹೋದರೆ ಶ್ರೀರಾಮಪುರವು ಸಿಕ್ಕುತ್ತದೆ. ಇಂಗ್ಲೆಂಡಿನಲ್ಲಿ ಚಮ್ಮಾರನ ವೃತ್ತಿಯಲ್ಲಿದ್ದು, 1793ರಲ್ಲಿ ಬಂಗಾಳಕ್ಕೆ ಬಂದ ವಿಲಿಯಂ ಕೇರಿ ಎಂಬ ಪಾದ್ರಿಯು ಅಲ್ಲಿ ಕುಳಿತು ನಮ್ಮ ದೇಶದ ಭಾಷೆಗಳನ್ನು ಒಂದಾದ ಮೇಲೊಂದರಂತೆ ಕಲಿತನು. 1812ರಲ್ಲಿ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ವರ್ಷಗಟ್ಟಲೆ ಬರೆದ ಹಸ್ತಪ್ರತಿಗಳೂ ಅಚ್ಚಿನ ಮೊಳೆಗಳೂ ಬೂದಿಯಾದುವು. ಪುನಃ ಮೊದಲಿನಿಂದ ಬರೆಯಲು ಕುಳಿತನು. 1817ರಲ್ಲಿ ಅದೇ ಶ್ರೀರಾಮಪುರದಲ್ಲಿ ಅಚ್ಚಾದ ಅವನ ಗ್ರಂಥಗಳಲ್ಲೊಂದು ಕನ್ನಡ ವ್ಯಾಕರಣ! ತನ್ನಲ್ಲಿ ಪ್ರತಿಭೆಯೇನೂ ಇಲ್ಲ, ಬಿಡದೆ ದುಡಿಯುವುದೊಂದು ಮಾತ್ರ ಬರುತ್ತದೆ ಎಂಬರ್ಥದಲ್ಲಿ ಅವನು ಹೇಳಿಕೊಳ್ಳುತ್ತಿದ್ದನಂತೆ. ಅವನಿಗೆ ನಮ್ಮ ಭಾಷೆಯು ಎಷ್ಟು ದೂರವಿತ್ತೋ ಅದಕ್ಕಿಂತ ನಮಗೆ ಇಂಗ್ಲಿಷು ಹೆಚ್ಚು ದೂರವೇನೂ ಅಲ್ಲ. ಅವನಿಗೆ ಊರಿನ ಅಂಗಡಿಯ ಫಲಕಗಳು ಕನ್ನಡವನ್ನು ಕಲಿಸಲಿಲ್ಲ. ನಮಗೆ ಪ್ರತಿ ಬೀದಿಯೂ ಇಂಗ್ಲಿಷನ್ನು ಕಲಿಸುತ್ತಿದೆ.

ಇಲ್ಲಿ ಇನ್ನೊಂದು ಮಾತನ್ನು ಹೇಳದಿರಲಾರೆ. ಇಂಗ್ಲಿಷ್ ಶಬ್ದವನ್ನು ಇಂಗ್ಲಿಷಿನಲ್ಲಿಯೇ ಕಲಿಯಬೇಕು, ಕನ್ನಡವು ನಡುವೆ ಬರಕೂಡದು ಎಂದು ಬೋಧಿಸುವವರಿದ್ದಾರೆ. ಅವರ ಉದ್ದೇಶವು ಒಳ್ಳೆಯದಿರಬಹುದು; ಮಾತನಾಡುವ ಅಭ್ಯಾಸಕ್ಕೆ ಅದರಿಂದ ಸ್ವಲ್ಪ ಪ್ರಯೋಜನವೂ ಉಂಟು. ಆದರೆ ‘ಬಯಲು’ ಎಂಬುದನ್ನರಿಯದವನಿಗೆ ಎಸ್ಪ್ಲನೇಡಿನ ಸವಿಯು ನನಗಾದಂತೆ ಆಗದು. ‘ಗನ್ನಿ’ ಎಂಬ ಇಂಗ್ಲಿಷ್ ಶಬ್ದವು ನಮ್ಮ ಗೋಣಿಯ ಬಂಧು. ಭಾರತದಿಂದಲೇ ಅಲ್ಲಿಗೆ ಹೋದುದು. 1855ರಿಂದ ಹೂಗ್ಲಿಯ ದಡದಲ್ಲಿ ಎದ್ದ ಸೆಣಬಿನ ಗಿರಣಿಗಳು ಆ ಚೀಲಗಳನ್ನು ಜಗತ್ತಿಗೆಲ್ಲ ಕಳುಹಿಸಿದುವು. ‘ಬಂಗಲೆ’ಯಂತೂ ಬಂಗಾಳದ ಹೆಸರನ್ನೇ ಹೊತ್ತಿದೆ. ಹೀಗಿರಲು, ಕನ್ನಡವನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕೆಂಬ ಸಂಕೋಚವು ನಿಮಗೇಕೆ? ಎರಡು ಮನೆಯ ಬೀಗದ ಕೈ ನಿಮ್ಮ ಬಳಿಯಿದೆ.

ಸಣ್ಣದೊಂದು ಪುಸ್ತಕವನ್ನು ಜೇಬಿನಲ್ಲಿಟ್ಟುಕೊಳ್ಳಿರಿ. ಕಂಡ ಶಬ್ದವನ್ನೂ, ಎಲ್ಲಿ ಕಂಡಿರೆಂಬುದನ್ನೂ, ಕನ್ನಡದಲ್ಲಿ ಅದಕ್ಕೆ ಸರಿದೂಗುವುದನ್ನೂ ಬರೆದು, ನಿಮ್ಮದೇ ಆದ ಒಂದು ವಾಕ್ಯವನ್ನು ಸೇರಿಸಿರಿ. ಆ ವಾಕ್ಯವನ್ನು ಅಂದೇ ಯಾರಿಗಾದರೂ ಹೇಳಿರಿ, ತಪ್ಪಾದರೆ ತಪ್ಪಾಗಲಿ. ರೈಲು ನಿಲ್ದಾಣದಲ್ಲಿ ನಮ್ಮ ಹುಡುಗನಿಗೆ ಇಲ್ಲದಿದ್ದುದು ಇದೊಂದೇ. ಹುಡುಕಲು ದೂರ ಹೋಗಬೇಕಾದುದಿಲ್ಲ. ಮೆಜೆಸ್ಟಿಕ್ ಎಂಬ ಹೆಸರು ಅಲ್ಲಿದ್ದ ಚಿತ್ರಮಂದಿರದಿಂದ ಬಂದುದು. ದೊಡ್ಡದು ಎಂಬರ್ಥದ ಬೇರಿನಿಂದ ಹೊರಟ ಈ ಶಬ್ದಕ್ಕೆ ನಗರದ ಮೇಯರೂ ಸೇನೆಯ ಮೇಜರೂ ದಾಯಾದಿಗಳು.

ಕೋಲ್ಕತ್ತದಿಂದ ಹಿಂದಿರುಗಿದ ವಾರದಲ್ಲಿ ಎಂಟನೆಯ ತರಗತಿಗೆ ಈ ಕಥೆಯನ್ನೆಲ್ಲ ಹೇಳಿ, ಸಮತಟ್ಟು ಎಂಬರ್ಥದ ಆ ಲ್ಯಾಟಿನ್ ಬೇರಿನಿಂದ ಬಯಲುಸೀಮೆಯನ್ನು ಸೂಚಿಸುವ ‘ಪ್ಲೇನ್’ ಎಂಬುದೂ ಹುಟ್ಟಿತೆಂದು ಹಲಗೆಯ ಮೇಲೆ ಬರೆಯುತ್ತಿದ್ದೆನು. ಕೊನೆಯ ಸಾಲಿನಿಂದ ಒಬ್ಬನು ಎದ್ದು ನಿಂತು, ‘ಹಾಗಾದರೆ ಪ್ಲೇನ್ ದೋಸೆಯೂ ಅದೇ ಕುಲದ್ದೇ ಸಾರ್?’ ಎಂದನು. ತರಗತಿಯು ಗೊಳ್ಳೆಂದು ನಕ್ಕಿತು. ಅದೇ ಕುಲದ್ದೇ, ಎಂದೆನು. ಸುಣ್ಣದಕಡ್ಡಿಯನ್ನು ಅವನ ಕೈಗೆ ಕೊಟ್ಟು ಮೊಗಸಾಲೆಗೆ ಕಳುಹಿಸಿದೆನು; ಅಂದಿನ ಶಬ್ದವನ್ನು ಬರೆದವನು ಅವನೇ.