ಬಾಡಿಗೆ ಮನೆಯ ಬಚ್ಚಲು

ಗೋಕಾಕ ಊರಿನಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ ಘಟಪ್ರಭೆಯು 170 ಅಡಿಗಳಷ್ಟು ಎತ್ತರದಿಂದ ನಿರಾತಂಕವಾಗಿ ಧುಮುಕುತ್ತಾಳೆ. ಅದೇ ಊರಿನ ಬಾಡಿಗೆ ಮನೆಯೊಂದರ ಬಚ್ಚಲಿನಲ್ಲಿ ಎರಡು ಕೊಡ ನೀರು ಅರ್ಧ ಗಂಟೆ ಕಳೆದರೂ ಇಳಿಯದೆ ನಿಂತಿರುತ್ತದೆ. ಮೇಲಿನ ಅಂತಸ್ತಿನ ಮನೆಯೊಡೆಯರನ್ನು ಕೇಳಿದರೆ, “ನೀವು ಬರುವುದಕ್ಕೆ ಮೊದಲು ಸರಿಯಾಗಿಯೇ ಇತ್ತು” ಎನ್ನುತ್ತಾರೆ. ಕೆಳಗಿನವರನ್ನು ಕೇಳಿದರೆ, “ನಾವು ಬಂದಂದಿನಿಂದಲೂ ಹೀಗೆಯೇ ಇದೆ” ಎನ್ನುತ್ತಾರೆ. ಇಬ್ಬರೂ ಸುಳ್ಳಾಡುವವರಲ್ಲ. ಆದರೆ ಮನೆ ಬಿಡುವ ದಿನ ಈ ಎರಡು ಮಾತುಗಳ ನಡುವೆ ಸಿಕ್ಕಿಕೊಳ್ಳುವುದು ಮುಂಗಡದ ಹಣ.

ಹಿಂದೆ ಈ ಜಗಳಕ್ಕೆ ಆಸ್ಪದವೇ ಇರಲಿಲ್ಲ. ಮುಸುರೆ ಎಮ್ಮೆಯ ಬಾನಿಗೆ ಹೋಗುತ್ತಿತ್ತು. ಪಾತ್ರೆಯ ಜಿಡ್ಡನ್ನು ಒಲೆಯ ಬೂದಿ ಹೀರಿ ತಿಪ್ಪೆಯನ್ನು ಸೇರುತ್ತಿತ್ತು. ಬಚ್ಚಲ ನೀರು ಹಿತ್ತಲಿನ ಬಾಳೆಯ ಬುಡಕ್ಕೆ ಹರಿಯುತ್ತಿತ್ತು. ಮೋರಿ, ಗಟಾರ ಎಂಬ, ಮರಾಠಿಗೂ ಈ ಸೀಮೆಯ ಕನ್ನಡಕ್ಕೂ ಸಮಾನವಾದ ಎರಡು ಮಾತುಗಳಿಗೆ ಆಗ ಹೆಚ್ಚು ಕೆಲಸವಿರಲಿಲ್ಲ. ಈಗ ಎಮ್ಮೆಯಿಲ್ಲ, ಬೂದಿಯಿಲ್ಲ, ಹಿತ್ತಲೂ ಇಲ್ಲ. ಮೂವರಿಗೆ ಹಂಚಿಹೋಗುತ್ತಿದ್ದುದೆಲ್ಲವನ್ನೂ ನಾಲ್ಕು ಅಂಗುಲದ ಕೊಳವೆಯೊಂದೇ ನುಂಗಬೇಕಾಗಿದೆ.

ಬಾಡಿಗೆದಾರರ ಕಡೆಯಿಂದ ಅದರೊಳಗೆ ಬೀಳುವುದು ಮುಖ್ಯವಾಗಿ ಮೂರು: ಕೂದಲು, ಎಣ್ಣೆ, ಸಾಬೂನು. ಶೇಂಗಾ ಹಿಂಡಿಯ ಬಟ್ಟಲು, ಬದನೆಕಾಯಿ ಎಣಗಾಯಿಯ ಬಾಣಲೆ, ಹಬ್ಬದ ದಿನ ತುಪ್ಪ ಸುರಿದ ಹೋಳಿಗೆಯ ತಟ್ಟೆ, ಇವುಗಳ ಜಿಡ್ಡು ಬಿಸಿಯಿರುವಾಗ ನೀರಿನಂತೆ ಹರಿದು, ಕೊಳವೆಯ ತಂಪಿನಲ್ಲಿ ಗೋಡೆಗೆ ಹತ್ತುತ್ತದೆ. ಕೊಳವೆಬಾವಿಯ ಗಡಸು ನೀರಾದರೆ ಅದರಲ್ಲಿರುವ ಸುಣ್ಣದ ಅಂಶವು ಸಾಬೂನಿನೊಡನೆ ಕೂಡಿ, ಕರಗದ ಕಿಟ್ಟವಾಗುತ್ತದೆ. ತಲೆ ಬಾಚಿದ ಕೂದಲು ಬಂದು ಇದಕ್ಕೆ ಹಗ್ಗದಂತೆ ಹೆಣೆದುಕೊಂಡಿತೆಂದರೆ ಮುಗಿಯಿತು. ಪಾತ್ರೆಯನ್ನು ನೀರಿಗಿಡುವ ಮೊದಲು ಹಳೆಯ ಪತ್ರಿಕೆಯ ತುಂಡಿನಿಂದ ಜಿಡ್ಡನ್ನು ಒರೆಸಿ ಎಸೆಯುವುದು, ಬಚ್ಚಲ ಬಾಯಿಗೆ ಸಣ್ಣ ಕಣ್ಣಿನ ಜಾಳಿಗೆ ಹಾಕಿ ಅದನ್ನು ದಿನವೂ ಕೊಡವುವುದು, ವಾರಕ್ಕೊಮ್ಮೆ ಒಂದು ಬಕೀಟು ಬಿಸಿನೀರನ್ನು ಒಮ್ಮೆಗೇ ಸುರಿಯುವುದು, ಇಷ್ಟು ಸಾಕು. ನೀರು ಕುದಿಯುತ್ತಿರಬಾರದು, ಪಿ.ವಿ.ಸಿ. ಕೊಳವೆ ಅದರಿಂದ ಮೆತ್ತಗಾಗುತ್ತದೆ. ಕಟ್ಟಿದ ಬಚ್ಚಲಿಗೆ ಆ್ಯಸಿಡ್ ಸುರಿದು, ಅದು ಸಾಲದೆಂದು ಬ್ಲೀಚಿಂಗ್ ಪುಡಿಯನ್ನೂ ಹಾಕುವ ಸಾಹಸಿಗಳುಂಟು. ಅವೆರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಚಿಕ್ಕ ಬಚ್ಚಲಿನಲ್ಲಿ ಅದು ಉಸಿರನ್ನೇ ಕಟ್ಟಿಸೀತು.

ಆದರೆ ಎಲ್ಲ ತಪ್ಪನ್ನೂ ಬಾಡಿಗೆದಾರರ ತಲೆಗೆ ಕಟ್ಟುವಂತಿಲ್ಲ. ಗೋಕಾಕ, ಮೂಡಲಗಿಗಳ ಎರೆ ಭೂಮಿ ಜೋಳಕ್ಕೆ ತಾಯಿ, ಕೊಳವೆಗೆ ಮಲತಾಯಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ನೆಲದೊಳಗಿನ ಕೊಳವೆ ಅದರೊಡನೆ ಏರಿಳಿದು ಬೆಸುಗೆ ಬಿಡುತ್ತದೆ. ನಡುವೆ ಎಲ್ಲಿಯೋ ಕುಸಿದು ಹೊಂಡ ಬೀಳುತ್ತದೆ. ನಾಲ್ಕು ಅಂಗುಲದ ಕೊಳವೆಗೆ 40 ಅಡಿಗೆ ಒಂದಡಿಯ ಇಳಿಜಾರು ಸಾಮಾನ್ಯ ಲೆಕ್ಕ. ಅದು ತಪ್ಪಿದರೆ ಎಷ್ಟು ಶುಚಿಯಾದ ಸಂಸಾರವಿದ್ದರೂ ಕೆಸರು ಅಲ್ಲಿಯೇ ಕೂರುತ್ತದೆ. ಮೂಡಲಗಿಯು ಗೋಕಾಕದಿಂದ ಬೇರೆಯಾಗಿ ತಾಲೂಕಿನ ಸ್ಥಾನವಾದ ಮೇಲೆ ಅಲ್ಲಿಗೆ ವರ್ಗವಾಗಿ ಬರುವ ನೌಕರರಿಗೆ ಮನೆಗಳು ಬೇಕಾಗಿವೆ. ಅವಸರದಲ್ಲಿ ಕಟ್ಟಿ ಬಾಡಿಗೆಗೆ ಕೊಡುವವರು ಗೋಡೆಯ ಬಣ್ಣವನ್ನು ತೋರಿಸುವರೇ ಹೊರತು ಈ ಇಳಿಜಾರನ್ನಲ್ಲ.

ದೋಷ ಯಾರದೆಂದು ಗೊತ್ತುಮಾಡುವುದು ಕಷ್ಟವಲ್ಲ. ಒಂದೇ ಬಾಯಿ ಕಟ್ಟಿ ಉಳಿದವು ಹರಿಯುತ್ತಿದ್ದರೆ ತಡೆ ಅಲ್ಲಿಯೇ ಸಮೀಪದಲ್ಲಿದೆ. ಅದು ಬಹುಮಟ್ಟಿಗೆ ಬಳಸುವವರದು. ಅಡಿಗೆಮನೆಯಲ್ಲಿ ಸುರಿದ ನೀರು ಬಚ್ಚಲಿನಲ್ಲಿ ಉಕ್ಕಿದರೆ ತಡೆಯು ಕೊಳವೆಗಳು ಕೂಡಿದ ಆಚೆಗಿದೆ. ಆಗ ಅಂಗಳದ ಚೇಂಬರಿನ ಮುಚ್ಚಳ ತೆಗೆಸಿ ನೋಡಬೇಕು. ಹುಕ್ಕೇರಿಯಲ್ಲಾಗಲಿ ಗೋಕಾಕದಲ್ಲಾಗಲಿ ಮನೆ ಹಿಡಿಯುವವರು ಕೀಲಿಕೈ ಪಡೆಯುವ ಮುನ್ನ, ಮನೆಯೊಡೆಯರ ಎದುರಿಗೇ, ಪ್ರತಿಯೊಂದು ಬಾಯಿಗೂ ಎರಡೆರಡು ಬಕೀಟು ನೀರು ಸುರಿದು, ಕಂಡದ್ದನ್ನು ಕರಾರುಪತ್ರದಲ್ಲಿ ಒಂದು ಸಾಲು ಬರೆಯಿಸಿಕೊಳ್ಳುವುದು ಮೇಲು. ಸಂಕೋಚಪಡುವವರು ಕಡೆಗೆ ಮುಂಗಡವನ್ನು ಕಳೆದುಕೊಳ್ಳುತ್ತಾರೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಾಡಿಗೆದಾರನು ಮನೆಯನ್ನು ಪಡೆದ ಸ್ಥಿತಿಯಲ್ಲಿಯೇ ಇಟ್ಟುಕೊಳ್ಳಬೇಕು; ಸಹಜವಾದ ಸವೆತ ಅವನ ಲೆಕ್ಕವಲ್ಲ. ಮಾಲೀಕನು ತಾನು ಮಾಡಲೇಬೇಕಾದ ದುರಸ್ತಿಯನ್ನು, ನೋಟೀಸು ಕೊಟ್ಟು ಯುಕ್ತ ಕಾಲ ಕಳೆದರೂ ಮಾಡದಿದ್ದರೆ, ಬಾಡಿಗೆದಾರನೇ ಮಾಡಿಸಿ ಆ ವೆಚ್ಚವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.

ಇಬ್ಬರದೂ ಅಲ್ಲದ ತಡೆಯೂ ಒಂದುಂಟು. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕದೊಳಗೆ ನುಗ್ಗಿದವು. ಹೊಳೆಯೇ ಗಟಾರಕ್ಕಿಂತ ಎತ್ತರವಾದಾಗ ನೀರು ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಅದಕ್ಕೆ ಜಾಳಿಗೆಯೂ ಇಲ್ಲ, ಕರಾರೂ ಇಲ್ಲ.

ಮಾಲೀಕ, ಬಾಡಿಗೆದಾರ ಇಬ್ಬರೂ ಮರೆಯುವ ಮೂರನೆಯವನೊಬ್ಬನಿದ್ದಾನೆ. ಇಬ್ಬರ ವಾದ ಮುಗಿಯುವ ಹೊತ್ತಿಗೆ ಅವನನ್ನು ಕರೆಸಿ, ನೂರಿನ್ನೂರು ರೂಪಾಯಿಗೆ ಚೌಕಾಶಿ ಮಾಡಿ, ಬರಿಗೈಯಿಂದ ಗುಂಡಿಗೆ ಇಳಿಸುತ್ತಾರೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಲ್ಲಿಸಲು 1970ರ ದಶಕದಲ್ಲಿಯೇ ಸಚಿವ ಬಿ. ಬಸವಲಿಂಗಪ್ಪನವರು ಆಜ್ಞೆ ಮಾಡಿದರು. ರಕ್ಷಣೆಯ ಸಾಧನಗಳಿಲ್ಲದೆ ಮಲಗುಂಡಿಗೆ ಆಳನ್ನು ಇಳಿಸುವುದು 2013ರ ಕಾಯಿದೆಯಂತೆ ಅಪರಾಧ. ಮೊದಲ ತಪ್ಪಿಗೇ ಎರಡು ವರ್ಷಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಮುಚ್ಚಿದ ಗುಂಡಿಯ ಹೈಡ್ರೋಜನ್ ಸಲ್ಫೈಡ್ ಅನಿಲವು ಮೊದಲು ಮೂಗಿನ ವಾಸನೆಯ ಶಕ್ತಿಯನ್ನೇ ಕೊಲ್ಲುತ್ತದೆ. ಆದುದರಿಂದ ಒಳಗಿನವನಿಗೆ ಅಪಾಯ ತಿಳಿಯುವುದೇ ಇಲ್ಲ. ಯಂತ್ರದಿಂದ ಹೀರುವ ಗಾಡಿಯನ್ನು ಕರೆಸುವ ವೆಚ್ಚವನ್ನು ಮಾಲೀಕ, ಬಾಡಿಗೆದಾರರು ತಮ್ಮೊಳಗೆ ಹೇಗಾದರೂ ಹಂಚಿಕೊಳ್ಳಲಿ.

ಸಣ್ಣದೊಂದು ಮಾತು ಉಳಿದಿದೆ. ಬೇಸಗೆಯ ರಜೆಗೋ ಸವದತ್ತಿಯ ಜಾತ್ರೆಗೋ ಮನೆಗೆ ಬೀಗ ಹಾಕಿ ಹೋದವರು ಮರಳಿ ಬಂದಾಗ ಗಬ್ಬುನಾತ ಬಡಿಯುವುದುಂಟು. ಬಚ್ಚಲ ಬಾಯಿಯ ಕೆಳಗಿನ ಬಾಗಿದ ಕೊಳವೆಯಲ್ಲಿ ಸದಾ ನಿಂತು ನಾತವನ್ನು ತಡೆಯುವ ನೀರು ಆ ವೇಳೆಗೆ ಒಣಗಿರುತ್ತದೆ. ಈ ಬಾಗು 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರದ ಕುಶಲಿಗೆ ಹೊಳೆದದ್ದು. ಊರಿಗೆ ಹೊರಡುವ ಮುನ್ನ ಒಂದು ಬಕೀಟು ನೀರು ಸುರಿದು, ಅದರ ಮೇಲೆ ಒಂದು ಚಮಚ ಶೇಂಗಾ ಎಣ್ಣೆ ಬಿಟ್ಟರೆ ನೀರು ಬೇಗ ಆರುವುದಿಲ್ಲ. ಬಚ್ಚಲಿಗೆ ಎಣ್ಣೆ ಸುರಿಯಲು ಅಪ್ಪಣೆಯಿರುವುದು ಇದೊಂದೇ ಸಲ.