ಜಿಂಕೆಗೆ ಬೇಕಿರುವುದು ಹೊಲವಲ್ಲ, ಹುಲ್ಲು

ಫೆಬ್ರವರಿ ಕಳೆಯುತ್ತಿದ್ದಂತೆ ಬಿಳಿಗಿರಿರಂಗನ ಬೆಟ್ಟದ ಪೂರ್ವದ ಇಳಿಜಾರುಗಳಲ್ಲಿಯೂ ಮಲೆ ಮಹದೇಶ್ವರ ಬೆಟ್ಟದ ಕುರುಚಲು ಕಾಡುಗಳಲ್ಲಿಯೂ ಎಲೆಯುದುರಿ ನೆಲ ಬೋಳಾಗುತ್ತದೆ. ಹಳ್ಳಗಳು ಬತ್ತುತ್ತವೆ. ಚುಕ್ಕೆ ಜಿಂಕೆಗಳ ಹಿಂಡು ಕಾಡಂಚಿನ ಜಮೀನುಗಳತ್ತ ಮುಖ ಮಾಡುತ್ತದೆ. ಆಗೆಲ್ಲ ಒಂದು ಸಲಹೆ ಕೇಳಿಬರುತ್ತದೆ: ದೂರದ ಕಲ್ಲು ಗುಡ್ಡಗಳ ನಡುವೆ ಅಲ್ಲಲ್ಲಿ ಎರಡು ಮೂರು ಎಕರೆ ಹಸನು ಮಾಡಿ ಹುರುಳಿ, ಅಲಸಂದೆ, ಮೇವಿನ ಜೋಳ ಬಿತ್ತಿದರೆ ಜಿಂಕೆಗಳಿಗೆ ಮೇವಾಗುತ್ತದೆ, ರೈತನ ಬೆಳೆಯೂ ಉಳಿಯುತ್ತದೆ. ಸಲಹೆಯ ಹಿಂದಿರುವ ಕಾಳಜಿ ಪ್ರಾಮಾಣಿಕವಾದುದು. ಆದರೆ ಕಾಳಜಿಯೊಂದರಿಂದಲೇ ಬೆಳೆ ಬಾರದು. ಮಳೆ, ಮಣ್ಣು ಮತ್ತು ಪ್ರಾಣಿಯ ಸ್ವಭಾವ ಮೂರೂ ಕೂಡಿಬರಬೇಕು. ಈ ಮೂರೂ ಆ ಸಲಹೆಗೆ ವಿರುದ್ಧವಾಗಿವೆ.

ಜಿಂಕೆಗಾಗಿ ಬೆಳೆಯಿಡುವ ಪದ್ಧತಿ ಅಮೆರಿಕದಲ್ಲಿ ವ್ಯಾಪಕವಾಗಿದೆ. ಅಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಕಾನೂನಿನ ಒಪ್ಪಿಗೆಯಿದೆ. ಖಾಸಗಿ ಜಮೀನಿನ ಒಡೆಯರು ಬೇಟೆಯ ಕಾಲಕ್ಕೆ ಜಿಂಕೆಗಳನ್ನು ತಮ್ಮತ್ತ ಸೆಳೆಯಲೆಂದು ಕ್ಲೋವರ್, ಗೋಧಿ, ಓಟ್ಸ್ ಬಿತ್ತುತ್ತಾರೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆಯ ಬೇಟೆ ಅಪರಾಧ. ಇಲ್ಲಿ ಜಿಂಕೆಯನ್ನು ಒಂದೆಡೆ ಸೆಳೆದು ನಿಲ್ಲಿಸಬೇಕಾದ ಅಗತ್ಯವಿಲ್ಲ. ಅದು ಕಾಡಿನ ಉದ್ದಗಲಕ್ಕೂ ಚದುರಿ ಮೇಯುವಂತಾಗುವುದೇ ಅಗತ್ಯ. ಉದ್ದೇಶವೇ ಬೇರೆಯಾದಾಗ ಉಪಾಯವನ್ನು ಎರವಲು ತರುವುದು ಉಚಿತವಲ್ಲ.

ಮೊದಲಿಗೆ ಮಳೆಯ ಲೆಕ್ಕವನ್ನು ನೋಡಬೇಕು. ಚಾಮರಾಜನಗರ ಜಿಲ್ಲೆಯ ಒಣ ಭಾಗಗಳಲ್ಲಿ ಮಳೆ ಹೆಚ್ಚಾಗಿ ಮೇ ತಿಂಗಳ ಆಸುಪಾಸಿನಲ್ಲಿ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಮ್ಮೆ ಬರುತ್ತದೆ. ನೀರಾವರಿಯಿಲ್ಲದ ಗುಡ್ಡದಲ್ಲಿ ಬಿತ್ತಿದ ಹುರುಳಿ ಹಸಿರಾಗುವುದು ಕಾಡಿನ ಹುಲ್ಲೂ ಹಸಿರಾಗಿರುವ ತಿಂಗಳುಗಳಲ್ಲಿಯೇ. ಜಿಂಕೆಗೆ ಕೊರತೆ ಕಾಡುವ ಮಾರ್ಚ್-ಏಪ್ರಿಲಿನಲ್ಲಿ ಆ ತಾಕೂ ಒಣಗಿ ಹೋಗಿರುತ್ತದೆ. ಹಸಿವಿಲ್ಲದಾಗ ಬಡಿಸಿ, ಹಸಿವಾದಾಗ ಬರಿಯ ಎಲೆ ತೋರಿಸಿದಂತೆ ಇದು. ಬೇಸಿಗೆಯಲ್ಲೂ ಹಸಿರು ಉಳಿಯಬೇಕಾದರೆ ಕೊಳವೆಬಾವಿ, ಪಂಪು, ಕಾವಲು ಎಲ್ಲವೂ ಬೇಕಾಗುತ್ತವೆ. ಆಗ ಅದು ಕಾಡಾಗಿ ಉಳಿಯುವುದಿಲ್ಲ, ತೋಟವಾಗುತ್ತದೆ.

ಎರಡನೆಯದು ಮೇವಿನ ಲೆಕ್ಕ. ಮೆಲುಕು ಹಾಕುವ ಪ್ರಾಣಿಗೆ ದಿನವೊಂದಕ್ಕೆ ತನ್ನ ತೂಕದ ಸುಮಾರು ಶೇಕಡ 3ರಷ್ಟು ಒಣ ಮೇವು ಬೇಕು. 50 ಕಿಲೋ ತೂಗುವ ಜಿಂಕೆಗೆ ಒಂದೂವರೆ ಕಿಲೋ ಎಂದಾಯಿತು. 30 ಜಿಂಕೆಗಳ ಹಿಂಡಿಗೆ ದಿನಕ್ಕೆ 45 ಕಿಲೋ. ನೂರು ದಿನಗಳ ಬೇಸಿಗೆಗೆ ನಾಲ್ಕೂವರೆ ಟನ್. ಆಳವಿಲ್ಲದ ಕಲ್ಲುಗೆಂಪು ಮಣ್ಣಿನಲ್ಲಿ, ಮಳೆಯನ್ನೇ ನೆಚ್ಚಿ, ಎಕರೆಗೆ ಒಂದು ಟನ್ ಒಣ ಮೇವು ಸಿಕ್ಕರೆ ಅದನ್ನು ಒಳ್ಳೆಯ ಬೆಳೆಯೆನ್ನಬೇಕು. ಒಂದೇ ಒಂದು ಹಿಂಡಿಗೆ ನಾಲ್ಕೈದು ಎಕರೆ! ಆನೆ, ಕಾಟಿ, ಕಡವೆಗಳು ಈ ಲೆಕ್ಕದಲ್ಲಿ ಸೇರಿಲ್ಲ. ಅವುಗಳಿಗೆ ತಾಕಿನ ವಾಸನೆ ಸಿಕ್ಕ ರಾತ್ರಿಯೇ ಬೆಳೆ ಮುಗಿದಿರುತ್ತದೆ.

ಮೂರನೆಯದು ಮಣ್ಣು. ಇಳಿಜಾರಿನ ನೆಲವನ್ನು ಉತ್ತರೆ ಮೊದಲ ಬಿರುಮಳೆಗೇ ಮೇಲ್ಮಣ್ಣು ಹಳ್ಳ ಸೇರುತ್ತದೆ. ಹೂಡದೆ ಬಿಟ್ಟ ನೆಲದಲ್ಲಿ ಹುಲ್ಲಿನ ಬೇರು ಕಟ್ಟಿಕೊಂಡಿರುವ ಮಣ್ಣನ್ನು ಮತ್ತೆ ಕೂಡಿಸಲು ಹಲವು ತಲೆಮಾರುಗಳೂ ಸಾಲವು. ಉಳುಮೆ ಬೇಡವೆಂದು ಗಿನಿ ಹುಲ್ಲಿನಂತಹ ಹೊರಗಿನ ತಳಿಯನ್ನು ಎರಚಿದರೆ ಅದು ಗೊತ್ತುಮಾಡಿದ ತಾಕಿನಲ್ಲಿಯೇ ನಿಲ್ಲುತ್ತದೆಂಬ ಭರವಸೆಯೂ ಇಲ್ಲ.

ಇನ್ನು ಪ್ರಾಣಿಯ ಸ್ವಭಾವ. ಒಣಹುಲ್ಲಿಗೆ ಹೊಂದಿಕೊಂಡ ಜಿಂಕೆಯ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹೊಸ ಆಹಾರಕ್ಕೆ ಒಗ್ಗಿಕೊಳ್ಳಲು ಎರಡು ಮೂರು ವಾರ ಬೇಕು. ಬರಗಾಲದಲ್ಲಿ ಕರುಣೆಯಿಂದ ಸುರಿದ ಜೋಳ, ರಾಗಿ ಕಾಳುಗಳು ಹೊಟ್ಟೆಯಲ್ಲಿ ಹುಳಿಯೇರಿ ಪ್ರಾಣಕ್ಕೇ ಎರವಾಗಬಲ್ಲವು. ಒಂದೇ ಕಡೆ ಗುಂಪುಗೂಡಿದ ಪ್ರಾಣಿಗಳಲ್ಲಿ ಕಾಲುಬಾಯಿ ಜ್ವರದಂತಹ ರೋಗಗಳು ಬೇಗ ಹರಡುತ್ತವೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಜಿಂಕೆಗಳನ್ನು ಸೊರಗಿಸಿ ಕೊಲ್ಲುವ ಮಿದುಳಿನ ರೋಗವೊಂದು 2002ರಲ್ಲಿ ಪತ್ತೆಯಾದ ಬಳಿಕ, ಜಿಂಕೆಗಳಿಗೆ ತೀನಿ ಹಾಕುವುದನ್ನೇ ನಿರ್ಬಂಧಿಸಬೇಕಾಯಿತು. ಇದಲ್ಲದೆ, ಅಲಸಂದೆಯ ರುಚಿ ಹತ್ತಿದ ಹಿಂಡು ಕಾಡೊಳಗಿನ ತಾಕು ಮುಗಿದೊಡನೆ ಊರ ಹೊಲವನ್ನೇ ಹುಡುಕುತ್ತದೆ. ಜಿಂಕೆಯ ಬೆನ್ನಿಗೆ ಚಿರತೆಯೂ ಬರುತ್ತದೆ.

ಹಾಗಾದರೆ ಜಿಂಕೆಯ ಮೇವು ಹೋದದ್ದಾದರೂ ಎಲ್ಲಿಗೆ? ಉತ್ತರ ಕಣ್ಣೆದುರಿಗೇ ಇದೆ. 19ನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದ ಲಂಟಾನ ಇಂದು ಈ ಕಾಡುಗಳ ನೆಲವನ್ನು ಆಕ್ರಮಿಸಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ನಡೆದ ಅಧ್ಯಯನದ ಪ್ರಕಾರ, 1997ರಲ್ಲಿ ಸಮೀಕ್ಷೆಗೊಳಪಟ್ಟ ತಾಕುಗಳ ಪೈಕಿ ಶೇಕಡ 41ರಲ್ಲಿದ್ದ ಲಂಟಾನ 2008ರ ವೇಳೆಗೆ ಶೇಕಡ 81ಕ್ಕೆ ಹಬ್ಬಿತ್ತು. ಅದರ ಎಲೆ ದನಕರುಗಳಿಗೆ ವಿಷ. ಅದರ ಪೊದೆಯ ಕೆಳಗೆ ಹುಲ್ಲಿಗೆ ಬಿಸಿಲು ತಾಕದು. ಕಳೆದುಹೋದದ್ದು ಎರಡು ಮೂರು ಎಕರೆಯ ಮೇವಲ್ಲ, ಇಡೀ ಕಾಡಿನ ಮೇವು.

ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲಿ, ತರಗು ತೆಳುವಾಗಿರುವಾಗಲೇ, ಸಣ್ಣದಾಗಿ ಬೆಂಕಿ ಹಾಯಿಸುತ್ತಿದ್ದರು. ಅದನ್ನು ಅವರು ತರಗು ಬೆಂಕಿ ಎನ್ನುತ್ತಾರೆ. ಅದರಿಂದ ಹೊಸ ಹುಲ್ಲು ಚಿಗುರುತ್ತಿತ್ತು, ಲಂಟಾನದ ಸಸಿಗಳು ಸಾಯುತ್ತಿದ್ದವು ಎಂಬುದು ಹಿರಿಯರ ಅನುಭವ. 1974ರಲ್ಲಿ ಕಾಡು ಅಭಯಾರಣ್ಯವಾದ ಬಳಿಕ ಆ ಪದ್ಧತಿ ನಿಂತುಹೋಯಿತು. ಈಗ ಆಳೆತ್ತರ ಬೆಳೆದ ಲಂಟಾನಕ್ಕೆ ಬೆಂಕಿ ಬಿದ್ದರೆ ಮರಗಳ ನೆತ್ತಿಯೂ ಸುಡುತ್ತದೆ. ಆದ್ದರಿಂದ ಇಂದು ಯಾರೂ ಕಡ್ಡಿ ಗೀರುವ ಮಾತಿಲ್ಲ. ಮೊದಲು ಲಂಟಾನ ಹೋಗಬೇಕು, ಬೆಂಕಿಯ ವಿಚಾರವನ್ನು ಸೋಲಿಗರೂ ಅರಣ್ಯ ಇಲಾಖೆಯೂ ಒಟ್ಟಿಗೆ ಕುಳಿತು ಆಮೇಲೆ ತೀರ್ಮಾನಿಸಬೇಕು. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕುಗಳು ದೊರೆತಿವೆ. ಕಾಡಿನ ನಿರ್ವಹಣೆಯಲ್ಲಿ ಅವರ ಮಾತಿಗೆ ಬೆಲೆಯಿರಬೇಕಾದದ್ದು ಔದಾರ್ಯವಲ್ಲ, ನ್ಯಾಯ.

ಲಂಟಾನವನ್ನು ಬರಿದೇ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಕಾಯಿ ಕಟ್ಟುವ ಮುನ್ನ, ನೆಲಮಟ್ಟದಿಂದ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡಬೇಕು. ಹಕ್ಕಿಗಳು ಕೂರುವ ಮರಗಳ ಕೆಳಗೆ ಹುಟ್ಟುವ ಸಸಿಗಳನ್ನು ಮುಂದಿನ ಎರಡು ಮೂರು ಮಳೆಗಾಲ ಬಿಡದೆ ಕೀಳಬೇಕು. ತೆರವಾದ ಜಾಗದಲ್ಲಿ ಅದೇ ಕಾಡಿನಿಂದ ಆಯ್ದ ಹುಲ್ಲಿನ ಬೀಜವನ್ನು ಎರಚಬೇಕು. ನೆಲ್ಲಿ, ತಾರೆ, ಶಿವನೆ ಮರಗಳನ್ನು ಕಾಪಾಡಬೇಕು. ಹುಲ್ಲು ಒಣಗಿದ ಕಾಲದಲ್ಲಿ ಉದುರಿದ ಕಾಯಿಗಳೇ ಜಿಂಕೆಗೆ ಆಸರೆ. ನೆಲ್ಲಿ ತಿಂದ ಜಿಂಕೆ ಮೆಲುಕು ಹಾಕುತ್ತ ಬೀಜವನ್ನು ಬೇರೆಡೆ ಉಗುಳಿ, ತನ್ನ ಮೇವಿನ ಮರವನ್ನು ತಾನೇ ಬಿತ್ತುತ್ತದೆ. ಕಿತ್ತ ಲಂಟಾನವೂ ವ್ಯರ್ಥವಲ್ಲ. ಮಲೆ ಮಹದೇಶ್ವರ ಬೆಟ್ಟದ ಕುಶಲಿಗಳು ಅದರ ಕಡ್ಡಿಯಿಂದ ಬುಟ್ಟಿ, ಕುರ್ಚಿ, ಮೇಜುಗಳನ್ನು ಮಾಡಿ ಮಾರಿದ್ದಾರೆ.

ಮೇವಿನ ತಾಕು ಬೇಡವೆಂದಲ್ಲ; ಅದರ ಜಾಗ ಊರೊಳಗೆ. ಹೊಲದ ಬದುಗಳಲ್ಲಿ ಅಗಸೆ, ಗ್ಲಿರಿಸಿಡಿಯ, ಪಾಳುಬಿದ್ದ ಜಮೀನಿನಲ್ಲಿ ಸ್ಟೈಲೊ, ರಾಗಿಯ ನಡುವೆ ಅಲಸಂದೆ ಬೆಳೆದರೆ ಊರ ದನಗಳಿಗೆ ಕೊಟ್ಟಿಗೆಯಲ್ಲೇ ಮೇವು ಸಿಗುತ್ತದೆ. ಅಲ್ಲಿ ಉಳುವವರಿದ್ದಾರೆ, ಕಾಯುವವರಿದ್ದಾರೆ. ಕಾಡಿಗೆ ಹೋಗುವ ದನ ಒಂದು ಕಡಿಮೆಯಾದರೆ ಎರಡು ಮೂರು ಜಿಂಕೆಗಳ ಹುಲ್ಲು ಉಳಿದಂತೆ. ದನಕ್ಕೆ ಹೊಲದ ಮೇವು, ಜಿಂಕೆಗೆ ಕಾಡಿನ ಹುಲ್ಲು: ಈ ಗಡಿಯನ್ನು ಮತ್ತೆ ಎಳೆಯುವ ಕೆಲಸಕ್ಕೆ ವರ್ಷಗಳು ಹಿಡಿಯಬಹುದು. ಬರುವ ಮಳೆಗಾಲದಲ್ಲಿ ಕಾಡಿನೊಳಗೆ ಬೀಜದ ಚೀಲ ಹೊತ್ತೊಯ್ಯುವ ಉತ್ಸಾಹವಿರುವ ಯುವಕರು, ಅದರ ಬದಲು ಒಂದು ಗುದ್ದಲಿಯನ್ನು ಹೆಗಲಿಗೇರಿಸಿ, ಸೋಲಿಗ ಹಿರಿಯರೊಬ್ಬರ ಹಿಂದೆ ನಡೆಯಲಿ. ಹುಲ್ಲು ಎಲ್ಲಿತ್ತು, ಎಲ್ಲಿ ಮತ್ತೆ ಬಂದೀತು ಎಂಬುದು ಅವರಿಗೆ ತಿಳಿದಿದೆ.